ಹೆಚ್ಚಿಗೆ ಇಟ್ಟ ತಟ್ಟೆ

ಸ್ಟಾಫ್‌ರೂಮಿನ ಬೋರ್ಡಿನಲ್ಲಿ ಡಿಸೆಂಬರ್ ಇಪ್ಪತ್ತೈದರ ಬದಲಿ ಪಟ್ಟಿ ನೋಡಿ ಗಣಿತದ ಮೇಡಂಗೆ ಮೈಯೆಲ್ಲ ಉರಿಯಿತು. ಅವಳ ಆರೂ ಪೀರಿಯಡ್‌ಗಳ ಮುಂದೆ ಕೆಮಿಸ್ಟ್ರಿ ಮೇಷ್ಟ್ರ ಸಹಿ. ಅವಳ ಹೆಸರಿನ ಎದುರು ಒಂದೇ ಪದ: ರಜೆ.

ಆ ಪರದೇಶದಲ್ಲಿ ಕ್ರಿಸ್‌ಮಸ್ ಯಾರಿಗೂ ಲೆಕ್ಕಕ್ಕಿಲ್ಲದ ದಿನ. ಬೆಲ್ ಹೊಡೆಯುತ್ತದೆ, ಹಾಜರಿ ಕೂಗುತ್ತಾರೆ. ಇಡೀ ಶಾಲೆಯಲ್ಲಿ ಕನ್ನಡ ಬಲ್ಲವರು ಇವರಿಬ್ಬರೇ. ಎರಡು ವರ್ಷದ ಹಿಂದೆ ಮೇಷ್ಟ್ರು ಬಿಸಿ ಚಹಾ ಕೈಮೇಲೆ ಚೆಲ್ಲಿಕೊಂಡು "ಅಯ್ಯಯ್ಯೋ, ಸತ್ತೆ!" ಎಂದಾಗ, ಪಕ್ಕದ ಟೇಬಲ್ಲಿನಿಂದ ಅವಳು "ಸಾಯೋಕೆ ಮುಂಚೆ ತಣ್ಣೀರು ಹಾಕ್ಕೊಳ್ಳಿ" ಎಂದಿದ್ದಳು. ಅಂದಿನಿಂದ ಇಬ್ಬರ ಊಟದ ಡಬ್ಬಿಗಳೂ ಒಂದೇ ಟೇಬಲ್ಲಿಗೆ ಬಂದವು. ಅದರಾಚೆಗೆ ವಿಷಯ ಒಂದಿಂಚೂ ಸರಿದಿರಲಿಲ್ಲ. ಈಗ ಮೇಷ್ಟ್ರ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು. ಇಪ್ಪತ್ತೈದೇ ಕೊನೆಯ ದಿನ, ಮರುದಿನ ಬೆಳಿಗ್ಗೆ ಊರಿಗೆ ವಿಮಾನ.

ಆ ದಿನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡಬೇಕೆಂದು ಅವಳು ತಿಂಗಳಿಂದ ಧೈರ್ಯ ಕೂಡಿಸುತ್ತಿದ್ದಳು. ಅದೇ ದಿನಕ್ಕೆ ಈ ಮಹಾನುಭಾವ ರಜೆ ಕೊಡಿಸಿದ್ದ!

"ನಿಮ್ಮನ್ನ ಯಾರ್ರೀ ರಜೆ ಕೇಳಿದ್ದು?" ಲ್ಯಾಬಿನ ಬಾಗಿಲಲ್ಲೇ ನಿಂತು ಕೇಳಿದಳು.

ಬೀಕರ್ ಒರೆಸುತ್ತಿದ್ದ ಮೇಷ್ಟ್ರು ತಲೆಯೆತ್ತಿದರು. ಕನ್ನಡಕದ ಹಿಂದೆ ಕಣ್ಣು ಹೊಳೆಯುತ್ತಿತ್ತು. "ನಿಮ್ಮ ಹಬ್ಬ ಅಲ್ವಾ? ಹೋದ ವರ್ಷ ಪಾಠ ಮಾಡ್ತಾ ಮಾಡ್ತಾ ಕಣ್ಣೊರೆಸ್ಕೊಂಡ್ರಿ. ಕಾರಿಡಾರಿಂದ ನೋಡ್ದೆ."

"ಅದು ಸೀಮೆಸುಣ್ಣದ ಧೂಳು."

"ಆಯ್ತು, ಧೂಳೇ. ಪ್ರಿನ್ಸಿಪಾಲರಿಗೆ ಮೂರು ದಿನ ದುಂಬಾಲು ಬಿದ್ದು ಒಪ್ಪಿಸಿದೀನಿ. ಹಾಯಾಗಿ ಮನೇಲಿ ಹಬ್ಬ ಮಾಡಿ."

ಯಾರ ಜೊತೆ ಎಂದು ಕೇಳಬೇಕೆಂದಿದ್ದವಳು "ಥ್ಯಾಂಕ್ಸ್" ಎಂದು ಒರಟಾಗಿ ಹೇಳಿ ಹೊರಟಳು. ಯಾವ ಪುಡಿಗೆ ಯಾವ ದ್ರಾವಣ ಹಾಕಿದರೆ ಏನಾಗುತ್ತದೆ ಎಂಬುದೆಲ್ಲ ಗೊತ್ತಿದ್ದ ಮನುಷ್ಯನಿಗೆ ಇಷ್ಟು ಗೊತ್ತಾಗಲಿಲ್ಲ.

ಇಪ್ಪತ್ತೈದರ ಬೆಳಿಗ್ಗೆ ಬಾಡಿಗೆ ಕೋಣೆಯ ಸಣ್ಣ ಮೇಜಿನ ಮೇಲೆ ಕೇಕು ಕತ್ತರಿಸಿಟ್ಟು, ಅಭ್ಯಾಸಬಲದಿಂದ ಎರಡು ತಟ್ಟೆ ಹಾಕಿದಳು. ಅಮ್ಮ ಕ್ರಿಸ್‌ಮಸ್ ದಿನ ಮನೆಮಂದಿಯ ಲೆಕ್ಕಕ್ಕಿಂತ ಒಂದು ತಟ್ಟೆ ಹೆಚ್ಚು ಇಡುತ್ತಿದ್ದಳು. ಯಾರೂ ಇಲ್ಲದವರು ಯಾರಾದರೂ ಬಂದಾರು ಎಂದು. ಅಮ್ಮ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಈಗ ಇಲ್ಲಿ ಯಾರೂ ಇಲ್ಲದವಳು ತಾನೇ ಎಂದು ಹೊಳೆದು ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

ಅಷ್ಟರಲ್ಲಿ ಊರಿನಿಂದ ತಂಗಿಯ ಫೋನು. "ಅಕ್ಕಾ, ಹೇಳಿದ್ಯಾ ಇಲ್ವಾ?"

"ಹೇಗೆ ಹೇಳ್ಲಿ? ಅವರು ಶಾಲೇಲಿ, ನಾನಿಲ್ಲಿ."

"ನಾಳೆ ವಿಮಾನ ಹತ್ತಿದ ಮೇಲೆ ಗೋಡೆಗೆ ಹೇಳ್ತೀಯಾ? ಎದ್ದೇಳೇ, ಪುಣ್ಯಾತ್ಗಿತ್ತಿ!"

ಎರಡನೇ ತಟ್ಟೆಯಲ್ಲಿ ಕೇಕಿನ ತುಂಡುಗಳನ್ನಿಟ್ಟು, ಬಟ್ಟೆ ಮುಚ್ಚಿ ಗಂಟು ಕಟ್ಟಿ, ಸಿಕ್ಕಿದ ಬಸ್ಸು ಹತ್ತಿದಳು.

ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಅವಳ ಲೆಕ್ಕ ಬಿಡಿಸುತ್ತ ಬೆವರುತ್ತಿದ್ದರು. ತೋಳಿನ ತುಂಬ ಸೀಮೆಸುಣ್ಣ. ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಇಂಟರ್‌ವಲ್ ಬೆಲ್ ಹೊಡೆದು ಕ್ಲಾಸು ಖಾಲಿಯಾದಾಗ ಅವರು ಬಾಗಿಲಲ್ಲಿ ನಿಂತಿದ್ದ ಅವಳನ್ನು ನೋಡಿದರು.

"ರಜೆ ಕೊಡಿಸಿದ್ರೂ ಶಾಲೆಗೆ ಬರೋ ಮೇಡಮ್ಮನ್ನ ಇವತ್ತೇ ನೋಡಿದ್ದು!"

"ಬೋರ್ಡಲ್ಲಿ ಎರಡನೇ ಸಾಲಲ್ಲಿ ಮೈನಸ್ ನುಂಗಿದೀರಿ."

"ಅದನ್ನ ಹೇಳೋಕೆ ಬಂದ್ರಾ?"

"ಅಲ್ಲ." ಅವಳು ಮೇಜಿನ ಮೇಲೆ ಗಂಟು ಬಿಚ್ಚಿದಳು. "ನಮ್ಮಮ್ಮ ಹಬ್ಬಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡೋರು. ಯಾರಾದ್ರೂ ಬರ್ಲಿ ಅಂತ. ನಾನೂ ಇಟ್ಟೆ. ಆದ್ರೆ ನಂಗೆ ಯಾರೋ ಒಬ್ಬರು ಬಂದ್ರೆ ಸಾಲಲ್ಲ. ನೀವೇ ಬರ್ಬೇಕು."

ಮೇಷ್ಟ್ರು ಡಸ್ಟರನ್ನು ಎರಡು ಸಲ ಆ ಕೈಯಿಂದ ಈ ಕೈಗೆ ಬದಲಾಯಿಸಿದರು.

"ಹಬ್ಬಕ್ಕೆ ಅಂತ ಮಾತ್ರ ರಜೆ ಕೊಡಿಸ್ಲಿಲ್ಲ," ಎಂದರು ಕೊನೆಗೆ. "ಇವತ್ತು ಲ್ಯಾಬಲ್ಲಿರೋ ನನ್ನ ಬೀರು ಖಾಲಿ ಮಾಡ್ಬೇಕಿತ್ತು. ನೀವು ಎದುರಿಗಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ."

"ಎರಡು ವರ್ಷ ಬಾಯಲ್ಲಿ ಏನು ಇಟ್ಕೊಂಡಿದ್ರಿ?"

"ನಿಮ್ಮ ಡಬ್ಬಿ ಊಟ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವರ ಟಿಕೆಟ್ಟು ಬದಲಾಗುವಂತಿರಲಿಲ್ಲ, ವೀಸಾದ ಅವಧಿ ಉಳಿದಿರಲಿಲ್ಲ. ಮೇಷ್ಟ್ರು ಕೇಕು ತಿಂದು, ತಟ್ಟೆಯನ್ನು ಕರವಸ್ತ್ರದಲ್ಲಿ ಒರೆಸಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಅಯ್ಯೋ, ಅದು ಜೋಡಿ ತಟ್ಟೆ!"

"ಗೊತ್ತು. ಬರೋ ಕ್ರಿಸ್‌ಮಸ್‌ಗೆ ನೀವು ಎಲ್ಲಿರ್ತೀರೋ ಅಲ್ಲಿಗೆ ತರ್ತೀನಿ."

"ತರದೇ ಇದ್ರೆ?"

ಅವರು ಸೀಮೆಸುಣ್ಣ ಮೆತ್ತಿದ ಕೈಯಿಂದಲೇ ಅವಳ ಕೈ ಹಿಡಿದರು. ಬೆಲ್ ಹೊಡೆದು ಮಕ್ಕಳು ಒಳಗೆ ನುಗ್ಗುವವರೆಗೂ ಬಿಡಲಿಲ್ಲ. ಉಳಿದ ಪೀರಿಯಡ್‌ಗಳನ್ನು ಅವಳೇ ತೆಗೆದುಕೊಂಡಳು. ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕೂತು ಕೇಳಿದರು.

ಮರುದಿನ ಬೆಳಿಗ್ಗೆ ವಿಮಾನ ಹೊರಡುವ ಹೊತ್ತಿಗೆ ಅವಳು ಅಡಿಗೆಕಟ್ಟೆಯ ಬಳಿ ನಿಂತು ಒಂಟಿ ತಟ್ಟೆ ತೊಳೆದಳು. ಸ್ಟ್ಯಾಂಡಿನಲ್ಲಿಡುವಾಗ ಅದನ್ನು ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದಕ್ಕೆ ಜಾಗ ಬಿಟ್ಟಳು.