ಮೂರನೆಯ ಉತ್ತರ

"ಮೂರನೇ ಉತ್ತರಕ್ಕೆ ಸೊನ್ನೆ ಹಾಕಿದ್ದು ನೀವೇ ತಾನೆ?"

ಮೆಟ್ಟಿಲ ತಿರುವಿನಲ್ಲಿ ಅವಳು ಅವನ ದಾರಿಗೆ ಅಡ್ಡ ನಿಂತಿದ್ದಳು. ಎದೆಗವಚಿದ ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಕೀಬೋರ್ಡು, ನೀರಿನ ಬಾಟಲಿ, ಅಮ್ಮನ ಫೋಟೋ.

ಅವನು ತಲೆ ತಗ್ಗಿಸಿದ. "ಹೌದು."

ಅಷ್ಟೇ! ಇಷ್ಟು ದಿನದ ಸ್ನೇಹಕ್ಕೆ ಒಂದೇ ಒಂದು ಮಾತು!

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ತಯಾರಿಸುವ ಕಚೇರಿ ಅದು. ಅವಳು ಪ್ರೋಗ್ರಾಂ ಬರೆಯುವವಳು. ಒಂದೊಂದು ಸಾಲನ್ನೂ ಮತ್ತೆ ಮತ್ತೆ ಓದುತ್ತಿದ್ದುದರಿಂದ ಎಲ್ಲರ ಬಾಯಲ್ಲೂ 'ನಿಧಾನಮ್ಮ'. ಬರೆದದ್ದನ್ನು ಓದಿ ತಿದ್ದುವ ಅವನಿಗೆ 'ಕತ್ತರಿ' ಎಂಬ ಹೆಸರು.

"ಇವರಿಬ್ಬರಿಗೂ ಮದುವೆ ಮಾಡಿಸ್ರಪ್ಪಾ! ಅವಳು ಮಾತು ಮುಗಿಸೋ ಮೊದ್ಲೇ ಇವನು ಕತ್ತರಿಸ್ತಾನೆ!" ಎಂದು ಜೊತೆಯವರು ಛೇಡಿಸುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಇಬ್ಬರೂ ಇಲ್ಲವೆನ್ನುತ್ತಿರಲಿಲ್ಲ.

ಆಗ ಬಂದವು ಎರಡು ಎಐ ಸಹಾಯಕಗಳು. ಹೇಳಿದ್ದನ್ನು ಕೇಳಿ ತಾವೇ ಪ್ರೋಗ್ರಾಂ ಬರೆದುಕೊಡುವ ಅವುಗಳಲ್ಲಿ ಒಂದನ್ನು ಕೊಳ್ಳಬೇಕಿತ್ತು. ರೋಗಿ ಮಗುವಿಗೆ ಔಷಧಿಯ ಪ್ರಮಾಣ ಲೆಕ್ಕ ಹಾಕುವ ಒಂದೇ ಕೆಲಸವನ್ನು ಎರಡಕ್ಕೂ ಕೊಟ್ಟು, ಹೆಸರು ಮರೆಮಾಡಿ, ಉತ್ತರಗಳನ್ನು ಕತ್ತರಿಯ ಮುಂದಿಟ್ಟರು. ಅವನಿಗೆ ತಿಳಿಸದೆ ಮೇಲಧಿಕಾರಿ ಮೂರನೆಯದೊಂದನ್ನು ಸೇರಿಸಿದ. ಅದು ಅವಳದು.

"ಯಂತ್ರಕ್ಕಿಂತ ಕಡಿಮೆ ಅಂಕ ಬಂದ್ರೆ ನಿಮ್ಮ ಹುದ್ದೆ ಯಾಕಮ್ಮಾ ಬೇಕು?" ಎಂದು ಅವಳನ್ನು ಕೇಳಿದ್ದ.

ಅವಳು ಹೆದರಿರಲಿಲ್ಲ. ಓದುವವನು ಕತ್ತರಿ ತಾನೆ... ಅವನು ಅನ್ಯಾಯ ಮಾಡುತ್ತಾನೆಯೇ?

ಮಾಡಿದ್ದ.

"ಲೆಕ್ಕ ತಪ್ಪಿತ್ತಾ?"

"ಇಲ್ಲ."

"ಮತ್ತೆ?"

ನರ್ಸ್ ಮಗುವಿನ ತೂಕ ತುಂಬದಿದ್ದರೆ ಎರಡೂ ಯಂತ್ರಗಳು ಬರೆದ ಪ್ರೋಗ್ರಾಂಗಳು ಕೆಂಪಕ್ಷರದಲ್ಲಿ 'ತಪ್ಪು' ಎನ್ನುತ್ತಿದ್ದವು. ಅವಳದು ಮಾತ್ರ, 'ಸ್ವಲ್ಪ ನಿಲ್ಲಿ, ಮಗುವಿನ ತೂಕ ಬರೆದಿಲ್ಲ' ಎನ್ನುತ್ತಿತ್ತು. ಅದರ ಪಕ್ಕದಲ್ಲಿ ಅವನು 'ಅನಗತ್ಯ ಮಾತು' ಎಂದು ಬರೆದು ಸೊನ್ನೆ ಸುತ್ತಿದ್ದ. ಅದನ್ನೀಗ ಅವಳಿಗೆ ಹೇಳಿದ.

"ನನ್ನಮ್ಮ ನರ್ಸ್ ಆಗಿದ್ಲು," ಅವಳ ದನಿ ಒಡೆಯಿತು. "ಯಂತ್ರ ಕೆಂಪಗೆ ಬೈದ್ರೆ ಕೈ ನಡುಗೋದು ಅಂತಿದ್ಲು. ಅವಳು ಹೋದ್ಮೇಲೆ ಅವಳಿಗೋಸ್ಕರ ಬರೆದ ಸಾಲು ಅದು. ನಿಮಗೆ ಅನಗತ್ಯ ಆಯ್ತಾ? ನಂದು ಅಂತ ಗೊತ್ತಿರ್ಲಿಲ್ಲ, ಅಲ್ವಾ? ಗೊತ್ತಿರ್ಲಿಲ್ಲ ಅಂತನಾದ್ರೂ ಹೇಳಿ!"

"ಗೊತ್ತಿತ್ತು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಆ ಸಾಲು ಓದಿದ ಕೂಡ್ಲೇ ನಕ್ಕುಬಿಟ್ಟೆ. ಹೀಗೆ ಮಾತಾಡೋರು ಈ ಕಟ್ಟಡದಲ್ಲಿ ಒಬ್ಬರೇ. ಆಮೇಲೆ ಭಯ ಆಯ್ತು... ನಾನು ಪ್ರೀತಿಸೋರಿಗೇ ಅಂಕ ಹಾಕ್ತಿದೀನಿ, ಪಕ್ಷಪಾತ ಆಗ್ಬಾರ್ದು ಅಂತ. ಓದೋದಿಲ್ಲ ಅಂತ ಎದ್ದು ಬರ್ಬೇಕಿತ್ತು. ಅದರ ಬದಲು ಬೇಕಂತಲೇ ಕೈ ಬಿಗಿ ಹಿಡಿದು ಸೊನ್ನೆ ಹಾಕ್ದೆ. ಹುದ್ದೆಗೇ ಕುತ್ತು ಅಂತ ದೇವರಾಣೆ ಗೊತ್ತಿರ್ಲಿಲ್ಲ."

'ಪ್ರೀತಿಸೋರಿಗೆ...' ಎಷ್ಟು ದಿನದಿಂದ ಕಾದ ಮಾತು! ಬಂದದ್ದು ಮಾತ್ರ ಇಂಥ ಹೊತ್ತಿನಲ್ಲಿ, ಇಷ್ಟು ಕಹಿಯಾಗಿ.

"ಭಾರಿ ನ್ಯಾಯವಂತರು! ನಿಮ್ಮ ನ್ಯಾಯ ಉಳೀಲಿ ಅಂತ ನನ್ನ ಅನ್ನ ಕಿತ್ಕೊಂಡ್ರಿ."

"ಬೆಳಿಗ್ಗೆ ಸಾಹೇಬರಿಗೆ ಎಲ್ಲ ಹೇಳ್ದೆ. ಅಂಕ ವಾಪಸ್ ತಗೊಂಡೆ."

"ಏನಂದ್ರು?"

"ಎರಡನೇದನ್ನ ಕೊಂಡಾಯ್ತು, ಇನ್ನು ಆಗಲ್ಲ ಅಂದ್ರು. ತಿದ್ದೋ ಕೆಲಸದಿಂದ ನನ್ನನ್ನೂ ತೆಗೆದ್ರು."

ಅವಳ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಕ್ಷಮಿಸುವ ಶಕ್ತಿಯನ್ನು ದೇವರು ಯಾರಿಗೂ ಒಟ್ಟಿಗೆ ಕೊಡುವುದಿಲ್ಲ. ಚಿಟಿಕೆ ಚಿಟಿಕೆಯಾಗಿ ಕೊಡುತ್ತಾನೆ. ಫೋಟೋದೊಳಗಿನ ಅಮ್ಮ ಸುಮ್ಮನೆ ನೋಡುತ್ತಿದ್ದಳು.

ಅವನು ಬೆನ್ನು ತಿರುಗಿಸಿ ಮೆಟ್ಟಿಲು ಹತ್ತತೊಡಗಿದ.

"ಸ್ವಲ್ಪ ನಿಲ್ಲಿ..."

ಅವನು ನಿಂತ. ತಿರುಗಿ ನೋಡುವ ಧೈರ್ಯವಿರಲಿಲ್ಲ.

"ಪೆಟ್ಟಿಗೆ ಭಾರ ಇದೆ. ಒಂದು ಕಡೆ ಹಿಡ್ಕೊಳ್ಳಿ."

ಅವನು ಓಡಿ ಬಂದು ಹಿಡಿದುಕೊಂಡ. ಕಣ್ಣು ತುಂಬಿತ್ತು. "ಕ್ಷಮಿಸಿದ್ರಾ?"

"ಇಲ್ಲ."

"ಮತ್ತೆ... ಮನೆ ತನಕ ಬರ್ಲಾ?"

ಅವಳು ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. "ಮೊದ್ಲು ಕೆಳಗಿನ ಬಾಗಿಲ ತನಕ ಬನ್ನಿ. ನನ್ನದೆಲ್ಲ ನಿಧಾನ... ಗೊತ್ತಲ್ವಾ?"