ಅವತ್ತು ಕೀ ಕೊಟ್ಟವನು

"ಜೀಪಿಗೆ ಸ್ಟೇರಿಂಗ್ ಸ್ಟೆಬಿಲೈಸರ್ ಹಾಕ್ಬೇಕು. ನೀವೇ ಹಾಕ್ಬೇಕು!"

ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ತನ್ನ ಗ್ಯಾರೇಜಿನಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ಗುರುಸ್ವಾಮಿ ಆ ದನಿಗೆ ಬೆಚ್ಚಿ ತಲೆಯೆತ್ತಿದ. ಎದುರಿಗೆ ಪ್ರಮೀಳಾ. ಅವಳ ಹಿಂದೆ ಅದೇ ಜೀಪು... ಅವಳಪ್ಪ ಲಿಂಗಣ್ಣನ ಜೀವ ತೆಗೆದ ಜೀಪು.

ವರ್ಷದಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಬೇರೆ ಯಾರತ್ರನಾದ್ರೂ ಹಾಕಿಸ್ಕೊಳ್ಳಿ ಪ್ರಮೀಳಾ..."

"ಅವತ್ತು ಹಾಕಿದೋರೇ ಇವತ್ತೂ ಹಾಕ್ಬೇಕು. ಹೆಂಗೆ ಹಾಕ್ತೀರ ಅಂತ ನಾನು ನಿಂತು ನೋಡ್ಬೇಕು."

ಜೊತೆಗೆ ಬಂದಿದ್ದ ತಾಯಿ ಸಿದ್ದಲಿಂಗಮ್ಮ ಜೀಪಿನಿಂದಿಳಿದು ಬೆಂಚಿನ ತುದಿಯಲ್ಲಿ ಕೂತರು. ಗುರುಸ್ವಾಮಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಕಾಕನಕೋಟೆ ಕಾಡಂಚಿನ ಹೊಲಕ್ಕೆ ಕೆಸರಿನ ದಾರಿ. ಅದಕ್ಕೆಂದೇ ಲಿಂಗಣ್ಣ ಜೀಪಿಗೆ ದೊಡ್ಡ ಟೈರು ಹಾಕಿಸಿದ್ದ. ಆಮೇಲೆ ಶುರುವಾಯಿತು ಸ್ಟೇರಿಂಗಿನ ನಡುಕ. ಕೈಯಲ್ಲಿ ಹಿಡಿಯಲಾಗದಷ್ಟು ಅದುರುತ್ತಿತ್ತು.

ಕಳೆದ ವರ್ಷ ಪ್ರಮೀಳಾಳನ್ನು ನೋಡಲು ಭೇರ್ಯದಿಂದ ಗಂಡಿನ ಕಡೆಯವರು ಬರಬೇಕಿದ್ದ ದಿನವೇ ಗುರುಸ್ವಾಮಿ ಅದಕ್ಕೆ ಸ್ಟೆಬಿಲೈಸರ್ ಹಾಕಿಕೊಟ್ಟ. ಅದುರುವ ಸ್ಟೇರಿಂಗನ್ನು ತಡೆದು ಹಿಡಿಯುವ, ಶಾಕ್ ಅಬ್ಸಾರ್ಬರಿನಂಥ ಒಂದು ಕೊಳವೆ ಅದು. ನಡುಕ ನಿಂತಿತು. ಬೀಗರಾಗುವವರನ್ನು ಕರೆತರಲು ಲಿಂಗಣ್ಣ ಖುಷಿಯಿಂದ ಹುಣಸೂರಿನ ಬಸ್ ನಿಲ್ದಾಣಕ್ಕೆ ಹೊರಟ.

ದಾರಿಯಲ್ಲಿ ಚಕ್ರಕ್ಕೂ ಸ್ಟೇರಿಂಗಿಗೂ ಇದ್ದ ಕೀಲೇ ಕಳಚಿತು. ಜೀಪು ಮೋರಿಯಿಂದ ಕೆಳಗೆ ಬಿತ್ತು. ಲಿಂಗಣ್ಣ ಅಲ್ಲೇ ಹೋಗಿಬಿಟ್ಟ.

ಗುರುಸ್ವಾಮಿಗೆ ಪ್ರಮೀಳಾಳ ಮೇಲೆ ಮನಸ್ಸಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಅವಳಿಗೂ ಇತ್ತು, ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. "ಹುಡುಗಿ ಕೈತಪ್ಪಿ ಹೋಯ್ತಾಳೆ ಅಂತ ಬೇಕೂಂತಲೇ ಮಾಡವ್ನೆ ಕಣ್ಲಾ" ಎಂದರು ಜನ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ?

'ನಾನು ಮನಸ್ಸು ಕೊಟ್ಟವನೇ ನನ್ನಪ್ಪನನ್ನು ಕೊಂದನಾ?'

ಈ ಪ್ರಶ್ನೆ ಪ್ರಮೀಳಾಳನ್ನು ವರ್ಷವಿಡೀ ತಿಂದುಹಾಕಿತ್ತು. ಅಪ್ಪನ ವರ್ಷದ ತಿಥಿ ಮುಗಿದ ಮಾರನೇ ದಿನವೇ ಅವಳು ಜೀಪು ತಂದಿದ್ದಳು. ಉತ್ತರ ಸಿಗದೆ ವಾಪಸ್ ಹೋಗುವವಳಲ್ಲ.

ಹಳೆಯ ಸ್ಟೆಬಿಲೈಸರ್ ಅಪಘಾತದಲ್ಲೇ ಮುರಿದಿತ್ತು. ಅವಳು ಮೈಸೂರಿನಿಂದ ತರಿಸಿದ್ದ ಹೊಸದನ್ನು ಗುರುಸ್ವಾಮಿ ಎಳೆದು, ಅಳೆದು ನೋಡಿದ.

"ಇದು ಆಗಾಕಿಲ್ಲ. ಗಿಡ್ಡ. ಚಕ್ರ ಪೂರ್ತಿ ತಿರುಗಬೇಕಾದ್ರೆ ಇದೇ ಅಡ್ಡ ಕಟ್ತದೆ. ಮೇಲಾಗಿ ಗ್ಯಾಸಿಂದು, ಒಂದೇ ಕಡೀಕೆ ತಳ್ತದೆ. ಕೆಸರಲ್ಲಿ ಓಡ್ಸೋರು ನೀವು... ನನ್ನತ್ರ ಇರೋ ಆಯಿಲ್‌ದೇ ಇರ್ಲಿ."

"ಸರಿ, ಹಾಕಿ."

"ಈಗ್ಲೇ ಹಾಕಾಕಿಲ್ಲ."

ಅವನು ಜೀಪಿನ ಮುಂಭಾಗವನ್ನು ಜಾಕಿ ಕೊಟ್ಟು ಎತ್ತಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಟಕ್ ಟಕ್ ಎಂದು ಸದ್ದಾಯಿತು. ಅವನು ಇನ್ನೊಮ್ಮೆ ಅಲ್ಲಾಡಿಸಿ ಕಿವಿಗೊಟ್ಟ.

"ರಿಪೇರಿ ಮಾಡ್ದೋರು ಮುರಿದ ಕಡೆ ಮಾತ್ರ ಹೊಸ ಕೀಲು ಹಾಕವ್ರೆ. ಈ ಕಡೇದು ಹಳೇದೇ ಅದೆ, ಸವೆದೋಗದೆ. ಇದನ್ನ ಬದಲಾಯಿಸದೆ ಸ್ಟೆಬಿಲೈಸರ್ ಹಾಕಿದ್ರೆ ನಡುಕ ನಿಲ್ತದೆ, ಆದ್ರೆ ಒಳಗಿನ ರೋಗ ಅಂಗೇ ಇರ್ತದೆ."

ಪ್ರಮೀಳಾ ಅವನತ್ತ ನುಗ್ಗಿದಳು.

"ಗೊತ್ತಿತ್ತಾ ನಿಮ್ಗೆ? ಎಲ್ಲಾ ಗೊತ್ತಿತ್ತಾ?! ಅವತ್ತು ಈ ಮಾತು ಯಾಕೆ ಬರ್ಲಿಲ್ಲ ಬಾಯಿಂದ?"

ಗುರುಸ್ವಾಮಿ ಜೀಪಿನ ಕೆಳಗೆ ಸರಿದು ಹಳೆಯ ಕೀಲು ಬಿಚ್ಚತೊಡಗಿದ.

"ಮಾತಾಡಿ! ಊರೋರು ಅನ್ನೋದೇ ನಿಜಾನಾ? ಹೇಳಿ ಗುರು... ನಮ್ಮಪ್ಪನ್ನ ನೀವು..."

"ಹೇಳಿದ್ದ ಕಣವ್ವ!"

ಬೆಂಚಿನ ಮೇಲಿಂದ ಸಿದ್ದಲಿಂಗಮ್ಮನ ದನಿ ಸೀಳಿಕೊಂಡು ಬಂತು.

"ಅವ್ನು ಹೇಳಿದ್ದ. ನಿಮ್ಮಪ್ಪ ಕೇಳ್ನಿಲ್ಲ ಅಂತ ನಂಗೇ ಫೋನ್ ಮಾಡಿದ್ದ. 'ಅಮ್ಮ, ಕೀಲು ಸವೆದೋಗದೆ, ಇವತ್ತು ಜೀಪು ಬ್ಯಾಡ, ನಾನು ಕೀ ಕೊಡಾಕಿಲ್ಲ' ಅಂದ. ನಾನೇ..." ಮುದುಕಿ ಸೆರಗು ಬಾಯಿಗೆ ತುರುಕಿಕೊಂಡರು. "ನಾನೇ ಅಂದೆ... 'ಗಂಡಿನೋರು ಬರ್ತಾವ್ರೆ ಅಂತ ಹೊಟ್ಟೆ ಉರೀತಾ ಐತೇನ್ಲಾ? ಮುಚ್ಕಂಡು ಕೀ ಕೊಡು' ಅಂದೆ."

ಪ್ರಮೀಳಾ ಬೆಂಚಿನ ಬಳಿಗೆ ಓಡಿದಳು.

"ಅಮ್ಮಾ... ಒಂದ್ ವರ್ಷ ಆಯ್ತಲ್ಲಮ್ಮ! ಯಾಕಮ್ಮ ಹೇಳ್ಲಿಲ್ಲ?"

"ಎಂಗವ್ವ ಹೇಳ್ಲಿ? ಗಂಡನ್ನ ನಾನೇ ಸಾಯಾಕೆ ಕಳಿಸ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ತಾಯಿಯ ಮೇಲೆ ಉಕ್ಕಿದ ಸಿಟ್ಟನ್ನು ಪ್ರಮೀಳಾ ನುಂಗಲೂ ಆರದೆ ಉಗುಳಲೂ ಆರದೆ ನಿಂತಳು. ಆ ಕುಗ್ಗಿದ ಮುದುಕಿಗೆ ಅವಳು ಇನ್ನೇನು ಶಿಕ್ಷೆ ಕೊಟ್ಟಾಳು? ಅಮ್ಮನ ತಲೆಯನ್ನು ಹೊಟ್ಟೆಗೆ ಅವುಚಿಕೊಂಡಳು, ಅಷ್ಟೇ.

ಗುರುಸ್ವಾಮಿ ಹೊರಗೆ ಬರಲಿಲ್ಲ. ಹೊಸ ಕೀಲು ಕೂರಿಸಿದ, ಸ್ಟೆಬಿಲೈಸರಿಗೆ ಕ್ಲ್ಯಾಂಪು ಬಿಗಿದ. ಕೊನೆಗೆ ಅವನು ಕರೆದಾಗ ಪ್ರಮೀಳಾ ಜೀಪು ಹತ್ತಿ ಕೂತಳು; ಅವನು ಅಡಿಯಿಂದಲೇ ಹೇಳಿದ.

"ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗ್ಸಿ... ಈಗ ಬಲಕ್ಕೆ. ಎಲ್ಲೂ ತಡೀತಿಲ್ಲ ತಾನೇ?"

"ಇಲ್ಲ."

ಅವಳು ಇಳಿದು ಬಂದು ನೆಲದ ಮೇಲೆಯೇ ಕೂತಳು. ಅವನು ಹೊರಬಂದ. ಕಣ್ಣು ಕೆಂಪಾಗಿತ್ತು.

"ಊರೆಲ್ಲ ಕೊಲೆಗಾರ ಅಂದಾಗ್ಲೂ ಸುಮ್ನಿದ್ರಲ್ಲ ಗುರು! ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತು?"

"ಹೇಳಿದ್ರೆ ಎಲ್ಲಾ ಅಮ್ಮನ್ನ ಅನ್ನೋರು." ಅವನು ಸ್ಪ್ಯಾನರು ಕೆಳಗಿಟ್ಟ. "ಅದೂ ಅಲ್ದೆ... ಅಮ್ಮ ಅಂದಿದ್ದು ಸುಳ್ಳಲ್ಲ ಪ್ರಮೀಳಾ. ಅವತ್ತು ನಂಗೆ ಹೊಟ್ಟೆ ಉರೀತಿತ್ತು. ಆ ಗಂಡಿನೋರು ಬರಬಾರ್ದು ಅಂತಿತ್ತು. ಅದಕ್ಕೇ ಅಮ್ಮ ಅಂಗಂದ ತಕ್ಷಣ ನಾಚ್ಕೆಯಾಗಿ ಕೀ ಕೊಟ್ಬುಟ್ಟೆ. ನಿನ್ ಮೇಲೆ ಆಸೆ ಇಲ್ದಿದ್ರೆ ಕೀ ಕಿತ್ಕೊಂಡು ಓಡೋಗಿರ್ತಿದ್ದೆ... ನಿಮ್ಮಪ್ಪ ಉಳೀತಿದ್ರು."

ಪ್ರಮೀಳಾ ಬಹಳ ಹೊತ್ತು ಅತ್ತಳು. ಗ್ರೀಸು ಮೆತ್ತಿದ್ದ ಅವನ ಕೈಗಳು ಅವಳನ್ನು ಮುಟ್ಟಲು ಹೆದರಿ ದೂರವೇ ಉಳಿದವು.

"ಅವ್ರು ಬರಬಾರ್ದು ಅಂತ ನಾನೂ ದೇವರ ಮುಂದೆ ಬೇಡ್ಕೊಂಡಿದ್ದೆ ಗುರು," ಎಂದಳು ಕೊನೆಗೆ. "ದೇವರು ನಡೆಸಿಕೊಟ್ಬಿಟ್ಟ. ನಾನು ಯಾರ ಹತ್ರ ಹೇಳ್ಕೊಳ್ಲಿ?"

ಅವನು ಅವಳನ್ನೇ ನೋಡಿದ.

"ನನ್ನ ಮದ್ವೆಯಾಗಿ ನನ್ ಮನೆಗೆ ಬಂದ್ರೆ... ನನ್ ಮುಖ ನೋಡಿದಾಗೆಲ್ಲ ನಿಂಗೆ ನಿಮ್ಮಪ್ಪ ನೆನಪಾಯ್ತಾರೆ ಕಣೇ."

ಅವಳು ಅವನ ಕೊಳಕು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆಗ್ಲಿ ಬಿಡಿ. ನಿಮ್ಗೂ ನೆನಪಾಗ್ತಾರಲ್ಲ... ಒಬ್ಬಳೇ ನೆನೆಸ್ಕೊಂಡು ನಂಗೆ ಸಾಕಾಗಿದೆ."