ಒಮ್ಮೆ ಕರೆದರೆ ಸಾಕು

ಬಸ್ಸಿನಿಂದ ಇಳಿದ ನೆವೆನಾ, ಎದುರಿಗೆ ಬರುತ್ತಿದ್ದ ಗಂಡಸನ್ನು ಕಂಡು ತಟ್ಟನೆ ಹಿಂದೆ ಸರಿದಳು.

ಮೊಣಕಾಲುದ್ದದ ರಬ್ಬರ್ ಬೂಟು. ಬೆಳೆದು ನಿಂತ ಗಡ್ಡ. ಅಂಗಿಯ ತುಂಬ ರಕ್ತ, ಸಗಣಿ.

"ನೆವೆನಾ... ನಾನೇ ಕಣೇ."

ತಾದಿಯಾ! ಅವಳ ಸ್ವಂತ ಗಂಡ. ಬೇಸಿಗೆಯಲ್ಲಿ ನೋವಿ ಸಾದ್ ನಗರದ ಬಸ್ ನಿಲ್ದಾಣದಲ್ಲಿ ಇಸ್ತ್ರಿ ಅಂಗಿ ತೊಟ್ಟು, ಕೈಬೀಸಿ ಹೊರಟವನು ಇವನೇನಾ?

"ಏನಿದು ಅವತಾರ?"

"ಹಸು ಹೊಟ್ಟೇಲಿ ಕರು ಅಡ್ಡ ಸಿಕ್ಕಿತ್ತು, ಎಳೀಬೇಕಾಯ್ತು. ಮನೆಗೆ ಹೋಗಿ ಬಟ್ಟೆ ಬದಲಾಯಿಸೋಷ್ಟರಲ್ಲಿ ನಿನ್ನ ಬಸ್ ಬಂದುಬಿಟ್ರೆ ಅಂತ..."

"ಕರು ಬದುಕ್ತಾ?"

"ಬದುಕ್ತು."

"ಸರಿ. ಆದ್ರೆ ನನ್ನ ತಬ್ಕೋಬೇಡ, ದೂರ ನಿಲ್ಲು," ಎಂದಳು.

ಅಂದವಳು ಅವಳೇ. ಮರುಕ್ಷಣ ಓಡಿ ಹೋಗಿ ತಬ್ಬಿಕೊಂಡವಳೂ ಅವಳೇ. ಇಷ್ಟು ದಿನದ ಅಗಲಿಕೆಯ ಮುಂದೆ ಒಂದು ಕೋಟಿನ ಗತಿ ಏನಾದರೇನು! ಬೇಕರಿಯ ಮುಂದೆ ನಿಂತಿದ್ದವರೆಲ್ಲ ಬಾಯಿಬಿಟ್ಟು ನೋಡಿದರು. ನಮ್ಮ ದ್ರೆನೋವಾ ಊರಿನಲ್ಲಿ ಮಾತಿಗೆ ಬಸ್ಸಿಗಿಂತ ವೇಗ ಜಾಸ್ತಿ. ಗಂಡ ಹೆಂಡತಿ ಮನೆ ಮುಟ್ಟುವ ಮೊದಲೇ ಸುದ್ದಿ ಚರ್ಚಿನ ಬಾಗಿಲು ಮುಟ್ಟಿತ್ತು.

ತಾದಿಯಾ ಸಾಮಾನು ಇಳಿಸಿಕೊಳ್ಳುತ್ತ ಸುತ್ತ ನೋಡಿದ.

"ನಿನ್ನ ಹೊಲಿಗೆ ಮಷೀನು ಎಲ್ಲಿ?"

"ಗೆಳತಿ ಮನೇಲಿ ಬಿಟ್ಟು ಬಂದೆ," ಎಂದಳು ನೆವೆನಾ, ಎತ್ತಲೋ ನೋಡುತ್ತ. "ಸದ್ಯಕ್ಕೆ ಅಲ್ಲೇ ಇರಲಿ. ನೋಡೋಣ..."

ತಾದಿಯಾನ ಮುಖ ಸಪ್ಪಗಾಯಿತು. ಪೆಟ್ಟಿಗೆಗಳನ್ನು ಹೆಗಲಿಗೇರಿಸಿದ. ಅವನ ಮನಸ್ಸಿನಲ್ಲಿ ಗಂಟು ಬಿದ್ದಿದ್ದು ಅಲ್ಲಿಯೇ.

ನೆವೆನಾ ನಾಟಕಮಂದಿರದಲ್ಲಿ ಉಡುಪು ಹೊಲಿಯುತ್ತಿದ್ದವಳು. ರಾಣಿಯರ ನಿಲುವಂಗಿ, ಸೈನಿಕರ ಕೋಟು, ಎಲ್ಲ ಆ ಕಬ್ಬಿಣದ ಮಷೀನಿನ ಮೇಲೆಯೇ. ತಾದಿಯಾನಿಗೆ ಈ ಗುಡ್ಡಗಾಡಿನ ಊರಿನಲ್ಲಿ ಪಶುವೈದ್ಯನ ಕೆಲಸ ಸಿಕ್ಕಾಗ ಅವನು ಒಂದು ಮಾತು ಕೊಟ್ಟಿದ್ದ. "ಒಂದು ಚಳಿಗಾಲ ಇದ್ದು ನೋಡು. ಹಿಡಿಸಲಿಲ್ಲ ಅಂದ್ರೆ ಹೇಳು, ಕೆಲಸ ಬಿಟ್ಟು ವಾಪಸ್ ಹೋಗೋಣ."

ಈಗ ಮಷೀನು ಬರಲಿಲ್ಲ. ಬಂದ ಪೆಟ್ಟಿಗೆಗಳಲ್ಲೂ ಎರಡನ್ನು ಅವಳು ಬಿಚ್ಚಲೇ ಇಲ್ಲ. ಕಿಟಕಿಯ ಕೆಳಗೆ ಇಟ್ಟು, ಮೇಲೊಂದು ಬಟ್ಟೆ ಹಾಸಿ, ಹೂಕುಂಡ ಕೂರಿಸಿದಳು. ತಾದಿಯಾ ಪ್ರತಿದಿನ ಅದನ್ನು ನೋಡುತ್ತಿದ್ದ, ನೋಡದವನಂತೆ ಇರುತ್ತಿದ್ದ.

ಅದು ಪ್ಲಮ್ ಹಣ್ಣಿನ ಕಾಲ. ಹಿತ್ತಲು ಹಿತ್ತಲಿನಲ್ಲಿ ತಾಮ್ರದ ಹಂಡೆ ಉರಿಯುತ್ತ, ಊರಿಗೆ ಊರೇ ರಾಕಿಯಾ ಸಾರಾಯಿಯ ಘಮಲಿನಲ್ಲಿ ಮುಳುಗಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಯಾರೋ ಇಟ್ಟುಹೋದ ಮೊಟ್ಟೆ, ಜಾಮ್. ಒಂದು ದಿನ ಕಾಲು ಕಟ್ಟಿದ ಜೀವಂತ ಕೋಳಿ! ಅದರ ಕುತ್ತಿಗೆ ಕೊಯ್ಯಲಾರದೆ ನೆವೆನಾ ಅದಕ್ಕೊಂದು ಹೆಸರಿಟ್ಟು ಸಾಕಿಕೊಂಡಳು. ಊರು ಅದನ್ನು ವಾರಗಟ್ಟಲೆ ಹೇಳಿಕೊಂಡು ನಕ್ಕಿತು.

ಆದರೆ ಎದುರಿಗೆ ಸಿಕ್ಕಾಗ ಎಲ್ಲರೂ ಮರ್ಯಾದೆಯಿಂದ "ಡಾಕ್ಟರಮ್ಮ" ಎನ್ನುತ್ತಿದ್ದರು. ನಮ್ಮಲ್ಲಿ ಊರಿಗೆ ಮದುವೆಯಾಗಿ ಬಂದವಳನ್ನು ಇಡೀ ಊರು "ಸೊಸೆ" ಎಂದು ಕರೆಯುತ್ತದೆ. ಅವಳನ್ನು ಮಾತ್ರ ಯಾರೂ ಹಾಗೆ ಕರೆಯಲಿಲ್ಲ.

ಪಕ್ಕದ ಮನೆಯ ಮಿಲುಂಕಾ ಅಜ್ಜಿ ಒಂದು ದಿನ ತನ್ನ ಕಪ್ಪು ಉಣ್ಣೆಯ ಲಂಗ ತಂದಳು. "ಸೊಂಟ ಬಿಗಿ ಆಗಿದೆ. ಸಡಿಲ ಮಾಡ್ಕೊಡ್ತೀರಾ ಡಾಕ್ಟರಮ್ಮ?"

ನೆವೆನಾ ಕೈಯಲ್ಲೇ ಹೊಲಿದುಕೊಟ್ಟಳು. ಅಜ್ಜಿ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದಳು.

"ಯಾವಾಗ ಉಡ್ತೀರಾ ಅಜ್ಜಿ?"

"ಯಾರಾದ್ರೂ ಕರೆದಾಗ," ಎಂದು ಅಜ್ಜಿ ನಕ್ಕಳು. ಆ ನಗುವಿನ ಅರ್ಥ ನೆವೆನಾಗೆ ಅಂದು ತಿಳಿಯಲಿಲ್ಲ.

ನವೆಂಬರ್ ಬಂತು. ಪ್ಲಮ್ ಮರಗಳು ಬೋಳಾದವು. ಮಿತ್ರೋವ್‌ದಾನ್ ಹತ್ತಿರವಾಯಿತು.

ಸಂತ ದಿಮಿತ್ರಿಯ ಆ ದಿನವೇ ತಾದಿಯಾನ ಮನೆತನದ ಸ್ಲಾವಾ. ಅಪ್ಪನಿಂದ ಮಗನಿಗೆ ಬರುವ ಮನೆಹಬ್ಬ. ಅಪ್ಪ ತೀರಿಕೊಂಡ ಮೇಲೆ, ತಾದಿಯಾ ತನ್ನದೇ ಮನೆಯಲ್ಲಿ ದೀಪ ಹಚ್ಚುವ ಮೊದಲ ಸ್ಲಾವಾ ಇದು.

ನೆವೆನಾ ಸಂಭ್ರಮದಲ್ಲಿದ್ದಳು. ಅವಳ ತವರಿನಲ್ಲಿ ಸ್ಲಾವಾ ಎಂದರೆ ಬೆಳಗಿನಿಂದ ಕರೆಗಂಟೆಗೆ ಬಿಡುವಿಲ್ಲ. ಅಪ್ಪ ಯಾರನ್ನೂ ಕರೆದದ್ದನ್ನು ಅವಳು ಕಂಡೇ ಇಲ್ಲ. "ಸ್ಲಾವಾಗೆ ಕರೆಯೋದು ಅಂತ ಇಲ್ಲ ಮಗಳೇ, ಬರೋರು ಬರ್ತಾರೆ" ಎನ್ನುತ್ತಿದ್ದ. ಇಲ್ಲಿಯೂ ಬರುತ್ತಾರೆ. ಎಲ್ಲರೂ ಬರುತ್ತಾರೆ. ಆಗ ಈ ಊರು ನನ್ನದೂ ಆಗಬಹುದೇನೋ... ಎಂದುಕೊಂಡಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಿಲುಂಕಾ ಅಜ್ಜಿಯ ಬಾಗಿಲು ತಟ್ಟಿದಳು.

"ಅಜ್ಜಿ, ನಿಮ್ಮ ದೊಡ್ಡ ಪಾತ್ರೆ ಕೊಡ್ತೀರಾ? ಸಾರ್ಮಾ ಬೇಯಿಸ್ಬೇಕು. ಮಾಂಸ, ಅಕ್ಕಿ, ಕೋಸಿನ ಎಲೆ ಎಲ್ಲಾ ರೆಡಿ ಇದೆ."

"ಅಷ್ಟು ದೊಡ್ಡ ಪಾತ್ರೆ ಯಾಕೆ? ಪಟ್ಟಣದಿಂದ ನೆಂಟರು ಬರ್ತಾರಾ?"

"ಇಲ್ಲ. ನಿಮಗೇ. ಬೀದಿಯವರಿಗೆ."

ಅಜ್ಜಿ ಕೈಯೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ನಮ್ಮನ್ನ ಯಾರು ಕರೆದ್ರು?"

"ಸ್ಲಾವಾಗೆ ಯಾರಾದ್ರೂ ಕರೀತಾರಾ ಅಜ್ಜಿ? ನಮ್ಮಪ್ಪ ಯಾರನ್ನೂ ಕರೀತಿರ್ಲಿಲ್ಲ."

"ಹಳೇ ಮನೆಗೆ ಕರೆಯಲ್ಲ. ಹೊಸ ಮನೆಗೆ ಮೊದಲ ವರ್ಷ ಕರೀಲೇಬೇಕು. ನಿಮ್ಮಪ್ಪನ ಮನೆಗೆ ಬರೋರನ್ನ ನಿಮ್ಮ ಅಜ್ಜ ಎಂದೋ ಒಂದ್ಸಲ ಕರೆದಿರ್ತಾನೆ. ನೀವು ಹುಟ್ಟೋ ಮುಂಚೆ. ಅದು ನಿಮಗೆಲ್ಲಿ ಗೊತ್ತಿರುತ್ತೆ?" ಅಜ್ಜಿ ಸ್ಟೂಲು ಎಳೆದು ಕುಳಿತಳು. "ಮನೆ ಯಜಮಾನ ಚುತುರಾಗೆ ರಾಕಿಯಾ ತುಂಬಿಸ್ಕೊಂಡು ಬಾಗಿಲು ಬಾಗಿಲಿಗೆ ಬರ್ಬೇಕು. ನಾವು ಒಂದು ಗುಟುಕು ಕುಡೀತೀವಿ. ಅಷ್ಟೇ. ಆಮೇಲೆ ಸಾಯೋ ತನಕ ಪ್ರತಿ ವರ್ಷ ಬರ್ತೀವಿ, ಮತ್ತೆ ಕರೆಯೋದೇ ಬೇಡ. ಕರೀಲಿಲ್ಲ ಅಂದ್ರೆ ಹೊಸ್ತಿಲು ತುಳಿಯಲ್ಲ."

ನೆವೆನಾ ತಮ್ಮ ಮನೆಯತ್ತ ತಿರುಗಿ ನೋಡಿದಳು. "ತಾದಿಯಾಗೆ ಇದು ಗೊತ್ತಿಲ್ವೇನೋ..."

"ಅವನು ಹಳ್ಳೀಲಿ ಹುಟ್ಟಿದವನು. ಗೊತ್ತಿರುತ್ತೆ," ಎಂದಳು ಅಜ್ಜಿ ಮೆಲ್ಲಗೆ.

ಗೊತ್ತಿತ್ತು. ಮನೆಗೆ ಬಂದು ಕಪಾಟು ತೆರೆದವಳಿಗೆ, ಅವನ ಅಂಗಿಗಳ ಹಿಂದೆ ಚುತುರಾ ಸಿಕ್ಕಿತು. ಅವನಪ್ಪನ ಕಾಲದ, ಮರದ ಚಪ್ಪಟೆ ಕುಡಿಕೆ. ಮೇಣ ಹಚ್ಚಿ ಉಜ್ಜಿದ್ದ. ಅಲ್ಲಾಡಿಸಿದರೆ ಒಳಗೆ ರಾಕಿಯಾ ಕುಲುಕಿತು.

ತುಂಬಿಸಿದ್ದಾನೆ. ಹೋಗಿಲ್ಲ!

ಯಾಕೆ? ಕೋಳಿ ಕೊಯ್ಯಲು ಬಾರದ ಪಟ್ಟಣದ ಹೆಂಡತಿಯನ್ನು ನಾಲ್ಕು ಜನರ ಮುಂದೆ ಕೂರಿಸಲು ನಾಚಿಕೆಯೇ? ಅವಳಿಗೆ ಅಳು ಉಕ್ಕಿ ಬಂತು.

ತಾದಿಯಾ ಊಟಕ್ಕೆ ಬಂದಾಗ ಚುತುರಾ ಮೇಜಿನ ನಡುವೆ ಕುಳಿತಿತ್ತು.

"ಇದನ್ನ ಯಾಕೆ ಬಚ್ಚಿಟ್ಟಿದ್ದೆ?"

ಅವನು ಕೈ ತೊಳೆದ. ತೊಳೆದ ಕೈಯನ್ನೇ ಮತ್ತೆ ತೊಳೆದ.

"ನಾನು ಅಂದ್ರೆ ನಾಚಿಕೆನಾ ನಿನಗೆ?"

"ಹುಚ್ಚಿ..." ಎಂದು ಅವನು ತಿರುಗಿದ. ಅವನ ಕಣ್ಣುಗಳು ಕೆಂಪಾಗಿದ್ದವು. "ಒಂದ್ಸಲ ಕರೆದ್ರೆ ಅವರು ವರ್ಷ ವರ್ಷ ಬರ್ತಾರೆ, ನೆವೆನಾ. ಮುಂದಿನ ವರ್ಷ ಒಳ್ಳೆ ಬಟ್ಟೆ ಹಾಕ್ಕೊಂಡು ಬಂದಾಗ ಈ ಬಾಗಿಲಿಗೆ ಬೀಗ ಇದ್ರೆ?"

"ಬೀಗ ಯಾಕಿರುತ್ತೆ?"

ಅವನು ಕಿಟಕಿಯ ಕೆಳಗಿನ ಪೆಟ್ಟಿಗೆಗಳನ್ನು ನೋಡಿದ. ಅವಳೂ ನೋಡಿದಳು.

"ಒಂದು ಚಳಿಗಾಲ ಅಂತ ಮಾತು ಕೊಟ್ಟಿದ್ದೀನಿ. ಊರನ್ನ ಕರೆದುಬಿಟ್ರೆ ಅದು ನಿನ್ನ ಕಟ್ಟಿಹಾಕಿದ ಹಾಗೆ. ಹೋಗ್ಬೇಕು ಅನ್ನಿಸಿದ್ರೂ ಜನರ ಮುಖ ನೋಡಿ ಉಳೀತೀಯ. ಹಾಗೆ ಉಳಿಯೋದು ನನಗೆ ಬೇಡ."

"ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ, ತಾದಿಯಾ?"

"ಭಯ ಆಯ್ತು." ಅವನ ದನಿ ಇಳಿದುಹೋಗಿತ್ತು. "ಕೇಳಿ, ನೀನು ಹೋಗ್ತೀನಿ ಅಂದುಬಿಟ್ರೆ?"

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಗುಡ್ಡದ ತುದಿಯ ಸ್ರೆತೆನ್ ಮಾವನ ಹಸುವಿಗೆ ನೋವು ಶುರುವಾಗಿತ್ತು. ತಾದಿಯಾ ಬಾಗಿಲಲ್ಲಿ ನಿಂತು ಹೆಂಡತಿಯ ಮುಖ ನೋಡಿದ.

"ಹೋಗು," ಎಂದಳು ಅವಳು. "ಹಸು ಕಾಯಲ್ಲ."

ಅವನು ಊಟ ಮಾಡದೆ ಹೋದ.

ನೆವೆನಾ ನೆಲದ ಮೇಲೆ ಕುಳಿತಳು. ಮಷೀನು ಬಿಟ್ಟು ಬಂದದ್ದು ಯಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಎಲ್ಲ ತಂದುಬಿಟ್ಟರೆ ಹಿಂದಿರುಗಲು ದಾರಿ ಉಳಿಯುವುದಿಲ್ಲ ಎಂಬ ಹೆದರಿಕೆ. ಅದು ನಿಜ. ಇವನು ಹೆದರಿದ, ನಾನೂ ಹೆದರಿದೆ. ಇಬ್ಬರೂ ಬಾಯಿ ಬಿಡಲಿಲ್ಲ...

ಹೂಕುಂಡ ಇಳಿಸಿ ಪೆಟ್ಟಿಗೆ ಬಿಚ್ಚಿದಳು. ಒಂದರಲ್ಲಿ ಚಳಿಗಾಲದ ಬಟ್ಟೆ. ಇನ್ನೊಂದರ ತಳದಲ್ಲಿ ಅಮ್ಮ ಕಸೂತಿ ಹಾಕಿದ ಬಿಳಿಯ ಮೇಜುವಸ್ತ್ರ. ಸ್ಲಾವಾದ ದಿನ ಮಾತ್ರ ಹಾಸುವಂಥದ್ದು, ಊರಿಗೆ ಊರೇ ಕುಳಿತುಕೊಳ್ಳಬಹುದಾದಷ್ಟು ಉದ್ದದ್ದು.

ನೆವೆನಾ ಅದನ್ನು ಮಡಿಲಲ್ಲಿ ಹರಡಿಕೊಂಡಳು. ಹಿಂದಿರುಗುವವಳು ಇದನ್ನು ಯಾಕೆ ಹೊತ್ತು ತಂದಳು? ಮನಸ್ಸು ಅನುಮಾನಿಸುತ್ತಿದ್ದಾಗಲೇ ಕೈ ತೀರ್ಮಾನ ಮಾಡಿಯಾಗಿತ್ತು.

ಅವಳು ಎದ್ದು ಮೊದಲು ನೋವಿ ಸಾದ್‌ನ ಗೆಳತಿಗೆ ಫೋನ್ ಮಾಡಿದಳು. ಆಮೇಲೆ ಮುಖ ತೊಳೆದು, ಚುತುರಾವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಮೊದಲ ಬಾಗಿಲು ಮಿಲುಂಕಾ ಅಜ್ಜಿಯದು.

"ನಮ್ಮನೆ ಯಜಮಾನರು ನಮಸ್ಕಾರ ಹೇಳಿದ್ದಾರೆ. ನಾಳೆ ನಮ್ಮ ಸ್ಲಾವಾಗೆ ಬರ್ಬೇಕು."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹೆಂಗಸು ಚುತುರಾ ಹೊತ್ಕೊಂಡು ಬರೋ ಪದ್ಧತಿ ನಮ್ಮಲ್ಲಿಲ್ಲ."

"ಹಾಗಾದ್ರೆ ವಾಪಸ್ ಹೋಗ್ಲಾ?"

"ಕೊಡಿಲ್ಲಿ."

ಅಜ್ಜಿ ಒಂದು ಗುಟುಕು ಎಂದು ಶುರುಮಾಡಿ ಮೂರು ಗುಟುಕು ಕುಡಿದಳು. ತುಟಿ ಒರೆಸಿಕೊಂಡು ಕೂಗಿದಳು. "ಲಂಗಕ್ಕೆ ಇವತ್ತೇ ಇಸ್ತ್ರಿ ಹಾಕ್ತೀನಿ. ಪಾತ್ರೆ ತಗೊಂಡು ಹೋಗೇ, ಸೊಸೆ!"

ಸೊಸೆ. ನೆವೆನಾ ಪಾತ್ರೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹೋಗಿ ಮನೆಯಲ್ಲಿಟ್ಟಳು.

ಆಮೇಲೆ ಅವಳು ಯಾವ ಬಾಗಿಲನ್ನೂ ಬಿಡಲಿಲ್ಲ. ಬೇಕರಿಯವಳು "ಗಂಡ ಎಲ್ಲಿ? ಓಡಿಹೋದನಾ?" ಎಂದು ಕೀಟಲೆ ಮಾಡಿದಳು. "ಹಸು ಹತ್ರ ಇದ್ದಾನೆ, ನನಗಿಂತ ಅದೇ ಚೆಂದ ಅಂತೆ," ಎಂದಳು ನೆವೆನಾ. ಬೇಕರಿ ತುಂಬ ನಗು. ಬೀದಿಯ ಕೊನೆಯಲ್ಲಿ ಚುತುರಾ ಬರಿದಾದಾಗ ಯಾರೋ ತಮ್ಮ ಮನೆಯ ರಾಕಿಯಾ ಸುರಿದುಕೊಟ್ಟರು.

ಹೊತ್ತು ಮುಳುಗುವ ಸಮಯಕ್ಕೆ ಅವಳು ಗುಡ್ಡ ಹತ್ತಿ ಸ್ರೆತೆನ್ ಮಾವನ ಕೊಟ್ಟಿಗೆಗೆ ಬಂದಳು. ಒಳಗೆ ಹಸು ಒದ್ದೆ ಕರುವನ್ನು ನೆಕ್ಕುತ್ತಿತ್ತು. ತಾದಿಯಾ ಹುಲ್ಲಿನ ಮೇಲೆ ಕುಸಿದು ಕುಳಿತಿದ್ದ. ಅದೇ ಬೂಟು, ಅದೇ ರಕ್ತ, ಅದೇ ಅವತಾರ.

ಅವಳು ಮೊದಲು ಮುದುಕನಿಗೆ ಚುತುರಾ ಕೊಟ್ಟಳು. ಸ್ರೆತೆನ್ ಮಾವ ಕುಡಿದು ಮೀಸೆ ಸವರಿಕೊಂಡ.

"ನಿನ್ನ ಡಾಕ್ಟರನ್ನ ಬೇಗ ಕರ್ಕೊಂಡು ಹೋಗು ಸೊಸೆ. ಮಿತ್ರೋವ್‌ದಾನಿನ ಹಿಂದಿನ ರಾತ್ರಿ ತನ್ನ ಮನೇಲಿ ಮಲಗದವನು ವರ್ಷವೆಲ್ಲ ಅಲೀತಾನೆ," ಎಂದು ಹೇಳಿ, ಕರುವಿಗೆ ಒಣಹುಲ್ಲು ತರುವ ನೆಪದಲ್ಲಿ ಹೊರಗೆ ಹೋದ. ಒಣಹುಲ್ಲು ಕೊಟ್ಟಿಗೆಯಲ್ಲೇ ಬೇಕಾದಷ್ಟಿತ್ತು.

ತಾದಿಯಾ ಎದ್ದು ನಿಂತ. "ಯಾರ್ಯಾರನ್ನ ಕರೆದೆ?"

"ಎಲ್ಲರನ್ನೂ. ಒಬ್ಬರು ಮಾತ್ರ ಉಳಿದಿದ್ದಾರೆ." ಅವಳು ಅವನೆದುರು ಬಂದು ನಿಂತಳು. "ನಮ್ಮನೆ ಯಜಮಾನಿ ನಮಸ್ಕಾರ ಹೇಳಿದ್ದಾಳೆ. ನಾಳೆ ನಮ್ಮ ಸ್ಲಾವಾಗೆ ಬರ್ಬೇಕಂತೆ."

"ನೆವೆನಾ... ಇದನ್ನ ಕುಡಿದ್ರೆ..."

"ಗೊತ್ತು. ಸಾಯೋ ತನಕ."

ಅವನ ಕೈ ಕೊಳೆಯಾಗಿತ್ತು. ಅವಳೇ ಚುತುರಾವನ್ನು ಅವನ ತುಟಿಗೆ ಹಿಡಿದಳು. ಅವನು ಕುಡಿದ. ಕಣ್ಣೀರು ಗಡ್ಡದೊಳಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಮಷೀನು?" ಎಂದ ಕೊನೆಗೆ, ಮಗುವಿನ ಹಾಗೆ.

"ಸೋಮವಾರ ಬಸ್ಸಲ್ಲಿ ಬರುತ್ತೆ. ಇಳಿಸ್ಕೊಳ್ಳೋಕೆ ನೀನೇ ಬರ್ಬೇಕು, ತುಂಬಾ ಭಾರ. ದಯವಿಟ್ಟು ಸ್ನಾನ ಮಾಡ್ಕೊಂಡು ಬಾ."

ಅವನು ನಕ್ಕ. ತಬ್ಬಿಕೊಳ್ಳಲು ಕೈ ಚಾಚಿ, ತನ್ನ ಅಂಗಿ ನೋಡಿ ತಡೆದು ನಿಂತ. ಅವಳು ಅವನ ಎದೆಗೊರಗಿದಳು.

"ಮುಂದಿನ ವರ್ಷಾನೂ ಹೀಗೇ ಕರೀತೀಯಾ?" ಅವನು ಅವಳ ಕೂದಲಲ್ಲಿ ಮುಖವಿಟ್ಟು ಪಿಸುಗುಟ್ಟಿದ.

"ಇಲ್ಲ," ಎಂದಳು ನೆವೆನಾ. "ಒಂದ್ಸಲ ಕರೆದಾಯ್ತಲ್ಲ."